ಉಪ್ಪಾಗೆ ಸಾರು, ಉಪ್ಪಾಗೆ ಸಾರ: ಶಿರಸಿ ಸೀಮೆಯ ಒಂದು ಲಿವರ್ ಪ್ರಕರಣ

ಶಿರಸಿ ತಾಲ್ಲೂಕಿನ ಅಡಿಕೆ ಬೆಳೆಗಾರರೊಬ್ಬರು, ವಯಸ್ಸು 47. ಗುರುತು ಹತ್ತಬಾರದೆಂದು ಊರು, ಮನೆತನ, ಆಸ್ಪತ್ರೆಗಳ ಹೆಸರು ಬಿಟ್ಟಿದೆ. ಮಾರ್ಚ್ ತಿಂಗಳಲ್ಲಿ ಆರೋಗ್ಯ ತಪಾಸಣಾ ಶಿಬಿರವೊಂದಕ್ಕೆ ಹೋದಾಗ ಅವರ ತೂಕ 84 ಕೆಜಿ, ಎತ್ತರ 164 ಸೆಂ.ಮೀ., ಸೊಂಟದ ಸುತ್ತಳತೆ 104 ಸೆಂ.ಮೀ. ಇತ್ತು. ಬಿಎಂಐ 31. ಒಟ್ಟು ಕೊಲೆಸ್ಟರಾಲ್ 248, ಎಲ್‌ಡಿಎಲ್ (ಕೆಟ್ಟ ಕೊಲೆಸ್ಟರಾಲ್) 162, ಎಚ್‌ಡಿಎಲ್ (ಒಳ್ಳೆಯದು) 36, ಟ್ರೈಗ್ಲಿಸರೈಡ್ 250. ಲಿವರಿಗೆ ಪೆಟ್ಟು ಬಿದ್ದಾಗ ರಕ್ತದಲ್ಲಿ ಏರುವ ಲಿವರ್ ಕಿಣ್ವಗಳಲ್ಲಿ ಎಎಲ್‌ಟಿ 68, ಎಎಸ್‌ಟಿ 46. ಸ್ಕ್ಯಾನಿಂಗ್‌ನಲ್ಲಿ ಎರಡನೇ ಹಂತದ ಕೊಬ್ಬಿನ ಲಿವರ್. ಮದ್ಯಪಾನ ಇಲ್ಲ. ಹೆಪಟೈಟಿಸ್ ಬಿ, ಸಿ ಎರಡೂ ಇಲ್ಲ, ಥೈರಾಯ್ಡ್ ಸರಿಯಿತ್ತು. ಮೂರು ತಿಂಗಳ ಸಕ್ಕರೆ ಸರಾಸರಿ 6.1, ಅಂದರೆ ಮಧುಮೇಹದ ಹೊಸ್ತಿಲು.

ಈ ಚಿತ್ರ ಇವತ್ತು ಘಟ್ಟದ ಮೇಲೂ ಕರಾವಳಿಯಲ್ಲೂ ತೀರಾ ಸಾಮಾನ್ಯ. ಲಿವರ್ ಗಟ್ಟಿಯಾಗಿದೆಯೇ ಎಂದು ಅಂದಾಜಿಸುವ ಫಿಬ್-4 ಲೆಕ್ಕವನ್ನು ಯಾವ ಊರಿನ ದವಾಖಾನೆಯಲ್ಲೂ ಮಾಡಬಹುದು. ವಯಸ್ಸನ್ನು ಎಎಸ್‌ಟಿಯಿಂದ ಗುಣಿಸಿ, ಅದನ್ನು ಪ್ಲೇಟ್‌ಲೆಟ್ ಸಂಖ್ಯೆ (ಸಾವಿರಗಳಲ್ಲಿ) ಮತ್ತು ಎಎಲ್‌ಟಿಯ ವರ್ಗಮೂಲ ಇವೆರಡರ ಗುಣಲಬ್ಧದಿಂದ ಭಾಗಿಸಿದರಾಯಿತು. ಇವರ ಪ್ಲೇಟ್‌ಲೆಟ್ 2.4 ಲಕ್ಷ, ಲೆಕ್ಕ ಬಂದದ್ದು 1.09. 1.3ಕ್ಕಿಂತ ಕೆಳಗಿದ್ದರೆ ಗಾಯ ಕಟ್ಟಿ ಗಟ್ಟಿಯಾಗಿರುವ ಸಾಧ್ಯತೆ ಕಡಿಮೆ. ಹೆದರಬೇಕಾದ ಸ್ಥಿತಿ ಆಗಿರಲಿಲ್ಲ, ಹಾಗಂತ ಸುಮ್ಮನೆ ಬಿಡುವಂಥದ್ದೂ ಅಲ್ಲ.

ಶಿಬಿರದ ವೈದ್ಯರು ತೂಕ ಇಳಿಸಲು ಹೇಳಿ, ಕೊಲೆಸ್ಟರಾಲ್ ಇಳಿಸುವ ಸ್ಟಾಟಿನ್ ಗುಂಪಿನ ಮಾತ್ರೆ ರೋಸುವಾಸ್ಟಾಟಿನ್ 10 ಮಿ.ಗ್ರಾಂ ಬರೆದುಕೊಟ್ಟರು. ಆ ಚೀಟಿ ಔಷಧ ಅಂಗಡಿಯನ್ನೇ ಕಾಣಲಿಲ್ಲ. 'ಕೊಲೆಸ್ಟರಾಲ್ ಮಾತ್ರೆ ಲಿವರ್ ತೆಗೀತದೆ, ನಿನ್ನ ಲಿವರ್ ಮೊದಲೇ ಸರಿ ಇಲ್ಲ' ಎಂದು ನೆಂಟರೊಬ್ಬರು ಹೇಳಿದ್ದು ಚೀಟಿಗಿಂತ ಗಟ್ಟಿಯಾಗಿ ಕೂತಿತು. ವೈದ್ಯರು ಆ ಭಯವನ್ನು ಕೇಳಿರಲೂ ಇಲ್ಲ, ಉತ್ತರಿಸಿರಲೂ ಇಲ್ಲ. ಮುಂದೆ ಆದದ್ದಕ್ಕೆಲ್ಲ ಬೀಜ ಬಿದ್ದದ್ದು ಆ ಐದು ನಿಮಿಷದಲ್ಲಿ.

ಮೊದಲ ಮೂರು ತಿಂಗಳು: ಮನೆಮದ್ದು

ಮಾರ್ಚ್‌ನಿಂದ ಮೇ ಕೊನೆಯವರೆಗೆ ಅವರು ಮೂರು ಮದ್ದು ಮಾಡಿದರು. ಬೆಳಿಗ್ಗೆ ರಾತ್ರಿಯಿಡೀ ನೆನೆಸಿದ ಒಂದು ಚಮಚ ಮೆಂತ್ಯ. ವಾರಕ್ಕೆ ಮೂರು ದಿನ ನೆಲನೆಲ್ಲಿಯ ಕಷಾಯ. ಮತ್ತು ದಿನಕ್ಕೆರಡು ದೊಡ್ಡ ಲೋಟ ಮುರುಗಲು (ಕೋಕಂ) ಶರಬತ್ತು. ಅದು ಕೊಬ್ಬು ಕರಗಿಸುತ್ತದೆ ಎಂಬ ಮಾತು ನಮ್ಮಲ್ಲಿ ಎಲ್ಲ ಕಡೆ ಇದೆ.

ಮೇ ಕೊನೆಯಲ್ಲಿ ಮತ್ತೆ ರಕ್ತ ಕೊಟ್ಟಾಗ ತೂಕ 83.5 ಕೆಜಿ, ಎಲ್‌ಡಿಎಲ್ 158, ಎಎಲ್‌ಟಿ 71 ಬಂತು. ಇವು ಇದ್ದಲ್ಲೇ ಇದ್ದಂತೆ. ಟ್ರೈಗ್ಲಿಸರೈಡ್ ಮಾತ್ರ 250ರಿಂದ 286ಕ್ಕೆ ಏರಿತ್ತು. ಕಾರಣ ಮುರುಗಲಲ್ಲ, ಸಕ್ಕರೆ. ಮನೆಗಳಲ್ಲಿ ಶರಬತ್ತಿನ ಪಾಕಕ್ಕೆ ಸಿಪ್ಪೆಯ ಎರಡರಷ್ಟು ಸಕ್ಕರೆ ಹಾಕುವುದು ರೂಢಿ. ಒಂದು ದೊಡ್ಡ ಲೋಟಕ್ಕೆ 25-30 ಗ್ರಾಂ ಹಿಡಿದರೂ ದಿನಕ್ಕೆ 50-60 ಗ್ರಾಂ ಸಕ್ಕರೆ ಆಯಿತು. ಸಕ್ಕರೆಯ ಅರ್ಧಭಾಗ ಫ್ರಕ್ಟೋಸ್. ಅದು ಬಹುಪಾಲು ಲಿವರ್‌ಗೆ ಹೋಗುತ್ತದೆ, ಹೆಚ್ಚಾದರೆ ಒಂದು ಪಾಲು ಅಲ್ಲಿಯೇ ಕೊಬ್ಬಾಗುತ್ತದೆ. ಕೊಬ್ಬಿನ ಲಿವರ್ ಇರುವವರು ಮುರುಗಲನ್ನು ಉಪ್ಪು-ಜೀರಿಗೆ ಹಾಕಿ ಸಾರು ಮಾಡಿಯೋ ಸೋಲ್‌ಕಡಿ ಮಾಡಿಯೋ ಕುಡಿಯಬಹುದು. ಪಾಕದ ಶರಬತ್ತು ಮಾತ್ರ ಸಲ್ಲದು. ಸೋಲ್‌ಕಡಿಗೂ ತೆಂಗಿನ ಹಾಲು ಎಷ್ಟೆಂದು ನೋಡಿಕೊಳ್ಳಬೇಕು, ಆ ಮಾತು ಮುಂದೆ ಬರುತ್ತದೆ.

ಮೂರು ತಿಂಗಳು ಶ್ರದ್ಧೆಯಿಂದ ಮಾಡಿದ್ದು ಫಲಿಸಲಿಲ್ಲವೆಂಬ ಬೇಸರ ಅವರಿಗಿತ್ತು. 'ಮನೆಯಲ್ಲಿ ಮಾಡಿದ್ದಕ್ಕೆ ಪವರ್ ಸಾಲುವುದಿಲ್ಲ, ಅದರ ಸಾರ ತೆಗೆದ ಕ್ಯಾಪ್ಸೂಲ್ ಬೇಕು' ಎಂದ ಪರಿಚಯಸ್ಥರ ಮಾತು ಆ ಬೇಸರದ ಹೊತ್ತಿಗೆ ಸರಿಯಾಗಿ ಬಂತು. ಜೂನ್ 3ರಿಂದ ಕ್ಯಾಪ್ಸೂಲ್ ಶುರುವಾಯಿತು.

ಡಬ್ಬಿಯೊಳಗೆ ಏನಿತ್ತು

ಪ್ರತಿ ಕ್ಯಾಪ್ಸೂಲ್‌ನಲ್ಲಿ ಗಾರ್ಸಿನಿಯಾ ಕಂಬೋಜಿಯಾ ಸಾರ 500 ಮಿ.ಗ್ರಾಂ (60% ಹೈಡ್ರಾಕ್ಸಿಸಿಟ್ರಿಕ್ ಆಮ್ಲ), ಗ್ರೀನ್ ಟೀ ಸಾರ 300 ಮಿ.ಗ್ರಾಂ (50% ಇಜಿಸಿಜಿ, ಅಂದರೆ ಗ್ರೀನ್ ಟೀಯ ಮುಖ್ಯ ಅಂಶ), ಕರಿಮೆಣಸಿನ ಪೈಪರಿನ್ 5 ಮಿ.ಗ್ರಾಂ. ಹೊರಗೆ ಹಸಿರು ಎಲೆಯ ಚಿತ್ರ, 'ಲಿವರ್ ರಕ್ಷಕ' ಎಂಬ ಸಾಲು.

ಗಾರ್ಸಿನಿಯಾ ಕಂಬೋಜಿಯಾ ಎಂದರೆ ಬೇರೇನಲ್ಲ, ಸಾರಿಗೆ ಹುಳಿಯಾಗಿ ಹಾಕುವ ನಮ್ಮ ಉಪ್ಪಾಗೆ. ಇವತ್ತಿನ ಸಸ್ಯಶಾಸ್ತ್ರದ ಹೆಸರು ಗಾರ್ಸಿನಿಯಾ ಗಮ್ಮಿ-ಗುಟ್ಟಾ. ಮುರುಗಲು ಅದರ ದಾಯಾದಿ, ಗಾರ್ಸಿನಿಯಾ ಇಂಡಿಕಾ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಾಡಿನಿಂದ ಮಳೆಗಾಲದಲ್ಲಿ ಹಣ್ಣು ತಂದು, ಸಿಪ್ಪೆ ಬಿಡಿಸಿ, ಹೊಗೆಯ ಅಟ್ಟದ ಮೇಲೆ ಒಣಗಿಸಿ ಮಾರುವುದು ಇಲ್ಲಿಯ ಎಷ್ಟೋ ಮನೆಗಳ ಆದಾಯ. ಬೀಜದಿಂದ ಉಪ್ಪಾಗೆ ತುಪ್ಪ ತೆಗೆಯುವುದೂ ಇಲ್ಲಿನದೇ ರೂಢಿ. ಈ ಬೆಳೆಗಾರರ ಮನೆಯಲ್ಲೂ ಉಪ್ಪಾಗೆ ಒಣಗಿಸುತ್ತಿದ್ದರು. ತಮ್ಮ ಅಟ್ಟದ ಮೇಲಿನ ವಸ್ತುವೇ ಡಬ್ಬಿಯಲ್ಲಿ ಬಂದಿದೆ ಎಂದ ಮೇಲೆ ಅನುಮಾನ ಹುಟ್ಟುವುದಾದರೂ ಹೇಗೆ?

ಉಪ್ಪಾಗೆಯ ಮುಖ್ಯ ಆಮ್ಲ ಹೈಡ್ರಾಕ್ಸಿಸಿಟ್ರಿಕ್ ಆಮ್ಲವೆಂದು 1965ರಲ್ಲಿ ತೋರಿಸಿದವರು ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ ಲೂಯಿಸ್ ಮತ್ತು ನೀಲಕಂಠನ್. ಆಮೇಲೆ ತಿಳಿದದ್ದು, ಈ ಆಮ್ಲ ಎಟಿಪಿ ಸಿಟ್ರೇಟ್ ಲೈಯೇಸ್ ಎಂಬ ಕಿಣ್ವವನ್ನು ತಡೆಯುತ್ತದೆ ಎಂದು. ಜೀವಕೋಶದಲ್ಲಿ ಸಿಟ್ರೇಟನ್ನು ಒಡೆದು ಕೊಬ್ಬಿಗೂ ಕೊಲೆಸ್ಟರಾಲಿಗೂ ಕಚ್ಚಾಸಾಮಾನು ಒದಗಿಸುವ ಕಿಣ್ವ ಅದು. ಇಲಿಗಳಲ್ಲಿ ಫಲ ಚೆನ್ನಾಗಿ ಕಂಡಿತು. 1998ರಲ್ಲಿ ಅಮೆರಿಕದಲ್ಲಿ 135 ಮಂದಿಗೆ 12 ವಾರ, ದಿನಕ್ಕೆ 1500 ಮಿ.ಗ್ರಾಂ ಕೊಟ್ಟು ಖಾಲಿ ಮಾತ್ರೆಯೊಂದಿಗೆ ಹೋಲಿಸಿದಾಗ ತೂಕದಲ್ಲಾಗಲಿ ಮೈಕೊಬ್ಬಿನಲ್ಲಾಗಲಿ ವ್ಯತ್ಯಾಸ ಸಿಗಲಿಲ್ಲ. ಹಾಗೆಂದು ಆ ಕಿಣ್ವದ ಕಲ್ಪನೆ ಸುಳ್ಳಲ್ಲ. ಅದೇ ಕಿಣ್ವವನ್ನು ತಡೆಯುವ ಬೆಂಪಿಡೋಯಿಕ್ ಆಮ್ಲ 2020ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದು ಎಲ್‌ಡಿಎಲ್ ಇಳಿಸುವ ಔಷಧವಾಗಿದೆ. ಅದು ಲಿವರಿನೊಳಗೆ ಹೋದ ಮೇಲೆ ಮಾತ್ರ ಚುರುಕಾಗುವಂತೆ ರೂಪಿಸಿದ್ದು. ಅದರ ಪ್ರಮಾಣ ಗೊತ್ತು, ಅಡ್ಡಪರಿಣಾಮ ಗೊತ್ತು. ಒಂದೇ ಬೀಗಕ್ಕೆ ಎರಡು ಕೀಲಿಕೈ ಇರಬಹುದು, ಎರಡೂ ಬೀಗ ತೆರೆಯಬೇಕೆಂದೇನಿಲ್ಲ.

ಇಲಿಯ ಲೆಕ್ಕ ಮನುಷ್ಯನಿಗೆ ಬರುವಾಗ ಇನ್ನೊಂದು ಕಡೆ ಎಡವುತ್ತದೆ. ಸಸ್ಯಸಾರದ ಪ್ರಬಂಧಗಳಲ್ಲಿ ಕೊಬ್ಬು ತಿನ್ನಿಸಿದ ಇಲಿಗೆ ಕೆಜಿಗೆ 200ರಿಂದ 400 ಮಿ.ಗ್ರಾಂ ಕೊಡುವುದು ವಾಡಿಕೆ. ಮೈಮೇಲ್ಮೈ ಲೆಕ್ಕದಲ್ಲಿ ಇಲಿಯ ಪ್ರಮಾಣವನ್ನು 6.2ರಿಂದ ಭಾಗಿಸಿದರೆ ಮನುಷ್ಯನದು ಸಿಗುತ್ತದೆ. 400 ಮಿ.ಗ್ರಾಂ ಎಂದರೆ ಮನುಷ್ಯನಿಗೆ ಕೆಜಿಗೆ ಸುಮಾರು 65. 84 ಕೆಜಿಯವರಿಗೆ ದಿನಕ್ಕೆ ಐದೂವರೆ ಗ್ರಾಂ ಸಾರ. ಅಷ್ಟನ್ನು ಯಾರೂ ಕೊಡುವುದಿಲ್ಲ. ಕೊಟ್ಟರೆ ಸುರಕ್ಷಿತವೆಂದು ಯಾರೂ ತೋರಿಸಿಯೂ ಇಲ್ಲ.

ಕಾಮಾಲೆ

ಜುಲೈ ಮಧ್ಯಕ್ಕೆ, ಅಂದರೆ 44ನೇ ದಿನದ ಸುಮಾರಿಗೆ, ಊಟ ರುಚಿಸದಾಯಿತು. ಸಂಜೆಯಾಗುವಷ್ಟರಲ್ಲಿ ಮೈ ಸೋಲುತ್ತಿತ್ತು. ಹಸಿವು ಕಡಿಮೆಯಾದದ್ದನ್ನು ಅವರು ಕ್ಯಾಪ್ಸೂಲಿನ ಗುಣವೆಂದೇ ತಿಳಿದು ಖುಷಿಪಟ್ಟರು, ತೂಕವೂ ಇಳಿಯುತ್ತಿತ್ತು. 50ನೇ ದಿನ ಮೂತ್ರ ಕಡು ಚಹದ ಬಣ್ಣಕ್ಕೆ ತಿರುಗಿತು, ಕಣ್ಣು ಹಳದಿಯಾಯಿತು.

ಮಳೆಗಾಲದಲ್ಲಿ ಕಾಮಾಲೆ ಕಂಡರೆ ಮಲೆನಾಡಿನಲ್ಲಿ ಮೊದಲು ಹೋಗುವುದು ಎಲೆಮದ್ದು ಕೊಡುವವರ ಹತ್ತಿರ. ಇವರೂ ಹೋದರು. ಮಜ್ಜಿಗೆಯಲ್ಲಿ ಅರೆದ ಮದ್ದು ಮೂರು ದಿನ, ಉಪ್ಪು-ಎಣ್ಣೆ ಬಿಟ್ಟ ಗಂಜಿಯ ಪಥ್ಯ ಇಪ್ಪತ್ತೊಂದು ದಿನ. ಈ ಮದ್ದಿಗೆ ಹೆಸರು ಬರಲು ಕಾರಣವಿದೆ. ನೀರಿನಿಂದ ಬರುವ ಹೆಪಟೈಟಿಸ್ ಎ ಬಹುಪಾಲು ಜನರಲ್ಲಿ ತಾನಾಗಿಯೇ ವಾಸಿಯಾಗುತ್ತದೆ, ಆ ಯಶಸ್ಸು ಮದ್ದಿನ ಲೆಕ್ಕಕ್ಕೆ ಸೇರುತ್ತದೆ. ಆದರೆ ಕಾಮಾಲೆ ಒಂದು ಕಾಯಿಲೆಯಲ್ಲ, ಹತ್ತಾರು ಕಾಯಿಲೆಗಳಿಗೆ ಸಾಮಾನ್ಯವಾದ ಒಂದು ಚಿಹ್ನೆ. ಇಲ್ಲಿ ಕಾರಣ ದಿನಾ ಹೊಟ್ಟೆಗೆ ಹೋಗುತ್ತಲೇ ಇತ್ತು. ಪಥ್ಯದಲ್ಲಿ ಉಪ್ಪು ಬಿಟ್ಟರು, ಒಗ್ಗರಣೆ ಬಿಟ್ಟರು, 'ಲಿವರ್ ರಕ್ಷಕ' ಎಂದು ಬರೆದಿದ್ದ ಕ್ಯಾಪ್ಸೂಲನ್ನು ಮಾತ್ರ ಬಿಡಲಿಲ್ಲ.

ಆರು ದಿನ ಹೀಗೆ ಹೋದವು. ಏಳನೇ ದಿನ ವಾಂತಿ ನಿಲ್ಲದೆ, ಜುಲೈ 30ರಂದು ಆಸ್ಪತ್ರೆಗೆ ಸೇರಿದರು. ಎಎಲ್‌ಟಿ 1140, ಎಎಸ್‌ಟಿ 860, ಪಿತ್ತ ಕಟ್ಟಿದಾಗ ಏರುವ ಕಿಣ್ವ ಆಲ್ಕಲೈನ್ ಫಾಸ್ಫಟೇಸ್ 168, ಮೈ ಹಳದಿ ಮಾಡುವ ಬಿಲಿರುಬಿನ್ 9.2, ರಕ್ತ ಹೆಪ್ಪುಗಟ್ಟುವುದು ಎಷ್ಟು ತಡ ಎಂದು ತೋರಿಸುವ ಐಎನ್‌ಆರ್ 1.4.

ಚೀಲ ಸುರಿದ ಗಳಿಗೆ

ಸೇರಿಸಿಕೊಳ್ಳುವಾಗ 'ಏನಾದರೂ ಮಾತ್ರೆ ತಗೊಳ್ತೀರಾ' ಎಂದು ಕೇಳಿದ್ದರು. 'ಮಾತ್ರೆ ಎಂತದೂ ಇಲ್ಲ' ಎಂದರು. ಅವರು ಸುಳ್ಳು ಹೇಳಲಿಲ್ಲ. ಅವರ ಮಟ್ಟಿಗೆ ಕ್ಯಾಪ್ಸೂಲಿನಲ್ಲಿದ್ದದ್ದು ಉಪ್ಪಾಗೆ. ಕೇಸ್ ಹಾಳೆಯಲ್ಲಿ 'ಔಷಧ ಸೇವನೆ ಇಲ್ಲ, ವೈರಲ್ ಹೆಪಟೈಟಿಸ್ ಶಂಕೆ' ಎಂದು ಬರೆದಾಯಿತು. ಮಳೆಗಾಲ, ಬಾವಿಯ ನೀರು, ಕಾಮಾಲೆ. ಯಾರಾದರೂ ಹಾಗೆಯೇ ಬರೆಯುತ್ತಿದ್ದರು.

ಮಾರನೆಯ ದಿನ ಹೆಪಟೈಟಿಸ್ ಎ ಮತ್ತು ಇ ಎರಡರ ಐಜಿಎಂ ಪರೀಕ್ಷೆಯೂ (ಹೊಸ ಸೋಂಕು ಹಿಡಿಯುವ ಪರೀಕ್ಷೆ) ನೆಗೆಟಿವ್ ಬಂತು. ಬಿ, ಸಿ ನೆಗೆಟಿವ್. ಗದ್ದೆ-ತೋಟದ ಕೆಸರಿನಲ್ಲಿ ಓಡಾಡುವವರಾದ್ದರಿಂದ ಇಲಿಜ್ವರ ನೆನಪಾಗಲೇಬೇಕು. ಅದಕ್ಕೆ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪಾಗುವುದು ಇರುತ್ತದೆ, ಬಿಲಿರುಬಿನ್ ಹೆಚ್ಚಿದ್ದರೂ ಎಎಲ್‌ಟಿ ಸಾಮಾನ್ಯವಾಗಿ ಕೆಲವು ನೂರರೊಳಗೇ ನಿಲ್ಲುತ್ತದೆ. ಇವರಿಗೆ ಜ್ವರವೇ ಇರಲಿಲ್ಲ, ಕ್ರಿಯಾಟಿನಿನ್, ಪ್ಲೇಟ್‌ಲೆಟ್ ಸರಿಯಿದ್ದವು. ಸ್ಕ್ಯಾನಿಂಗ್‌ನಲ್ಲಿ ಪಿತ್ತನಾಳ ಹಿಗ್ಗಿರಲಿಲ್ಲ, ಕಲ್ಲಿರಲಿಲ್ಲ. ಎಎನ್‌ಎ ನೆಗೆಟಿವ್, ಐಜಿಜಿ ಸಾಮಾನ್ಯ, ಹೀಗಾಗಿ ದೇಹದ ರಕ್ಷಣಾ ವ್ಯವಸ್ಥೆಯೇ ಲಿವರ್ ಮೇಲೆ ಬೀಳುವ ಆಟೋಇಮ್ಯೂನ್ ಹೆಪಟೈಟಿಸ್ ಕೂಡ ದೂರವಾಯಿತು.

ಆಗ ಪ್ರಶ್ನೆ ಬದಲಾಯಿತು. 'ಮಾತ್ರೆ' ಎಂಬ ಶಬ್ದ ಬಿಟ್ಟು, 'ಕಳೆದ ಆರು ತಿಂಗಳಲ್ಲಿ ಬಾಯಿಗೆ ಹಾಕಿಕೊಂಡ ಪುಡಿ, ಕಷಾಯ, ಎಣ್ಣೆ, ಟಾನಿಕ್, ಡಬ್ಬಿ ಎಲ್ಲವನ್ನೂ ಒಂದು ಚೀಲಕ್ಕೆ ತುಂಬಿಕೊಂಡು ಬನ್ನಿ' ಎಂದು ಹೆಂಡತಿಗೆ ಹೇಳಿದರು. ಸಂಜೆ ಬಟ್ಟೆಯ ಚೀಲವೊಂದು ಹಾಸಿಗೆಯ ಕಾಲ್ದೆಸೆಯಲ್ಲಿ ಸುರಿಯಿತು. ಮೆಂತ್ಯದ ಪೊಟ್ಟಣ, ಒಣಗಿದ ನೆಲನೆಲ್ಲಿಯ ಕಟ್ಟು, ಮುರುಗಲು ಪಾಕದ ಬಾಟಲಿ, 180 ಕ್ಯಾಪ್ಸೂಲಿನ ಎರಡು ಡಬ್ಬಿ. ಒಂದು ಖಾಲಿ. ಇನ್ನೊಂದರಲ್ಲಿ 18 ಉಳಿದಿದ್ದವು.

'ದಿನಕ್ಕೆ ನಾಲ್ಕು' ಎಂದರು. ಡಬ್ಬಿಯ ಮೇಲೂ ಎರಡರಂತೆ ಎರಡು ಹೊತ್ತು ಎಂದೇ ಇತ್ತು. ಆದರೆ 360ರಲ್ಲಿ 18 ಕಳೆದರೆ 342. 57 ದಿನಕ್ಕೆ ಹಂಚಿದರೆ ದಿನಕ್ಕೆ ಸರಿಯಾಗಿ ಆರು. ಲೆಕ್ಕವನ್ನು ಎದುರಿಗಿಟ್ಟಾಗ ಹೇಳಿದರು: ಬೇಗ ಇಳಿಯಬೇಕಾದರೆ ಮೂರು ಹೊತ್ತು, ಖಾಲಿ ಹೊಟ್ಟೆಯಲ್ಲಿ, ಎಂದು ಮಾರಿದವರು ತಿಳಿಸಿದ್ದರಂತೆ. ಡಬ್ಬಿಯಲ್ಲಿ ಉಳಿದದ್ದನ್ನು ಎಣಿಸುವುದು ಎರಡು ನಿಮಿಷದ ಕೆಲಸ. ಈ ಪ್ರಕರಣದಲ್ಲಿ ಯಾವ ದುಬಾರಿ ಪರೀಕ್ಷೆಗಿಂತಲೂ ಹೆಚ್ಚು ಹೇಳಿದ್ದು ಅದೇ.

ಆರು ಕ್ಯಾಪ್ಸೂಲ್ ಎಂದರೆ ಹೈಡ್ರಾಕ್ಸಿಸಿಟ್ರಿಕ್ ಆಮ್ಲ 1800 ಮಿ.ಗ್ರಾಂ, ಇಜಿಸಿಜಿ 900 ಮಿ.ಗ್ರಾಂ, ಪೈಪರಿನ್ 30 ಮಿ.ಗ್ರಾಂ. ಪೂರಕಗಳ ಮೂಲಕ ದಿನಕ್ಕೆ 800 ಮಿ.ಗ್ರಾಂ ಅಥವಾ ಹೆಚ್ಚು ಇಜಿಸಿಜಿ ಸೇವಿಸಿದರೆ ಲಿವರ್ ಕಿಣ್ವ ಏರುತ್ತದೆಂದು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲೇ ಹೇಳಿದೆ. ಖಾಲಿ ಹೊಟ್ಟೆಯಲ್ಲಿ ಅದು ರಕ್ತಕ್ಕೆ ಇನ್ನೂ ಹೆಚ್ಚು ಸೇರುತ್ತದೆ. ಪೈಪರಿನ್ ಇರುವುದೇ ಜೊತೆಯ ವಸ್ತುಗಳು ಬೇಗ ಹೊರಹೋಗದಂತೆ ತಡೆಯಲು. ಉಪ್ಪಾಗೆ ಸಾರದಿಂದ ಲಿವರ್ ಕೆಟ್ಟ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ಹಲವು ದಾಖಲಾಗಿವೆ, ಕೆಲವರಿಗೆ ಲಿವರ್ ಕಸಿಯೇ ಬೇಕಾಗಿದೆ. ಎಚ್‌ಎಲ್‌ಎ-ಬಿ 35:01 ಎಂಬ ವಂಶವಾಹಿ ಇರುವವರಲ್ಲಿ ಗ್ರೀನ್ ಟೀ ಸಾರ, ಗಾರ್ಸಿನಿಯಾ, ಅರಿಶಿನದ ಸಾರ ಮೂರರಿಂದಲೂ ಈ ಅಪಾಯ ಹೆಚ್ಚೆಂದು ಅಮೆರಿಕದ ಅಧ್ಯಯನಗಳು ತೋರಿಸಿವೆ. ಈ ಬೆಳೆಗಾರರಿಗೆ ಆ ಪರೀಕ್ಷೆ ಮಾಡಿಸಲಿಲ್ಲ. ಚಿಕಿತ್ಸೆ ಅದರಿಂದ ಬದಲಾಗುತ್ತಿರಲಿಲ್ಲ. ಎರಡು ಸಾರಗಳಲ್ಲಿ ತಪ್ಪು ಯಾವುದರದ್ದೆಂದು ಬಿಡಿಸಿ ಹೇಳಲೂ ಆಗದು.

ಗಾಯದ ಬಗೆ ತಿಳಿಯಲು ಆರ್-ಅನುಪಾತ ನೋಡುತ್ತಾರೆ: ಎಎಲ್‌ಟಿ ಮಿತಿಯ ಎಷ್ಟು ಪಟ್ಟು ಎಂಬುದನ್ನು ಆಲ್ಕಲೈನ್ ಫಾಸ್ಫಟೇಸ್ ಮಿತಿಯ ಎಷ್ಟು ಪಟ್ಟು ಎಂಬುದರಿಂದ ಭಾಗಿಸಬೇಕು. ಮಿತಿ 40 ಮತ್ತು 120 ಎಂದು ಹಿಡಿದರೆ ಇಲ್ಲಿ 28.5 ಭಾಗಿಸು 1.4, ಸುಮಾರು 20. ಐದಕ್ಕಿಂತ ಹೆಚ್ಚಿದ್ದರೆ ಹೊಡೆತ ಬಿದ್ದದ್ದು ಲಿವರಿನ ಜೀವಕೋಶಕ್ಕೇ. ಅಂಥ ಗಾಯದ ಜೊತೆ ಕಾಮಾಲೆಯೂ ಇದ್ದರೆ ಸುಮಾರು ಹತ್ತರಲ್ಲಿ ಒಬ್ಬರು ಸಾಯುತ್ತಾರೆ ಅಥವಾ ಕಸಿಗೆ ಹೋಗುತ್ತಾರೆ. ಹೈಮನ್ ಜಿಮ್ಮರ್‌ಮನ್ ಗಮನಿಸಿದ ಈ ಮಾತನ್ನು 'ಹೈ ನಿಯಮ' ಎನ್ನುತ್ತಾರೆ. ಹಸಿರು ಡಬ್ಬಿಯ ವಿಷಯವೆಂದು ಹಗುರವಾಗಿ ನೋಡುವ ಹಾಗಿರಲಿಲ್ಲ.

ಇಲ್ಲೇ ಇಟ್ಟುಕೊಳ್ಳುವುದೋ, ಕಳಿಸುವುದೋ

ಕ್ಯಾಪ್ಸೂಲ್ ನಿಲ್ಲಿಸಿದ್ದೇ ಮುಖ್ಯ ಚಿಕಿತ್ಸೆ. ಎಲೆಮದ್ದೂ ನಿಂತಿತು. ನಿಜವಾಗಿ ಕಷ್ಟದ ನಿರ್ಧಾರ ಬೇರೆಯಿತ್ತು. ಶಿರಸಿಯಲ್ಲಿ ಲಿವರ್ ಕಸಿ ಇಲ್ಲ. ಹುಬ್ಬಳ್ಳಿ ನೂರು ಕಿಲೋಮೀಟರಿನ ಆಸುಪಾಸು. ಮಂಗಳೂರಿನ ಕಡೆ ಹೋಗಬೇಕಾದರೆ ಘಟ್ಟ ಇಳಿಯಬೇಕು, ಜುಲೈ-ಆಗಸ್ಟ್‌ನಲ್ಲಿ ಗುಡ್ಡ ಯಾವಾಗ ಕುಸಿದು ರಸ್ತೆ ಮುಚ್ಚುತ್ತದೆಂದು ಹೇಳಲಾಗದು. ಈಗಲೇ ಕಳಿಸಿದರೆ ಮನೆಯವರಿಗೆ ದೊಡ್ಡ ಖರ್ಚು, ಬಹುಶಃ ಅನಾವಶ್ಯಕ. ಕಾದು ಕೂತು ಹದಗೆಟ್ಟರೆ ದಾರಿಯೇ ಇಲ್ಲದಿರಬಹುದು.

ವೈದ್ಯರು ಮಾಡಿದ್ದು ಹೀಗೆ. ವಿಟಮಿನ್ ಕೆ 10 ಮಿ.ಗ್ರಾಂ ಚುಚ್ಚುಮದ್ದು ಕೊಟ್ಟು 24 ಗಂಟೆಯ ಮೇಲೆ ಐಎನ್‌ಆರ್ ನೋಡಿದರು. ಪಿತ್ತ ಹರಿಯದೆ ವಿಟಮಿನ್ ಹೀರದಿದ್ದುದೇ ಕಾರಣವಾಗಿದ್ದರೆ ಅದು ಇಳಿಯಬೇಕು. ಇಳಿಯಲಿಲ್ಲ, 1.4ರಲ್ಲೇ ನಿಂತಿತು. ಅಂದರೆ ರಕ್ತ ಹೆಪ್ಪುಗಟ್ಟಿಸುವ ಅಂಶಗಳನ್ನು ತಯಾರಿಸುವ ಲಿವರಿನ ಶಕ್ತಿಯೇ ಕುಂದಿದೆ. ಇದರ ಮೇಲೆ ಗಡಿಗಳನ್ನು ಬರೆದು ಮಂಚಕ್ಕೆ ಅಂಟಿಸಿದರು: ಐಎನ್‌ಆರ್ 1.5 ಮುಟ್ಟಿದರೆ, ಸಕ್ಕರೆ 70ಕ್ಕಿಂತ ಇಳಿದರೆ, ಮಾತು ತೊದಲಿದರೆ ಅಥವಾ ಹಗಲು ನಿದ್ದೆ ರಾತ್ರಿ ಎಚ್ಚರವಾದರೆ, ಮರುಗಳಿಗೆಯೇ ಹುಬ್ಬಳ್ಳಿಗೆ. ಐಎನ್‌ಆರ್ 1.5 ದಾಟಿ ಮಿದುಳಿಗೂ ಮಂಕು ಕವಿದರೆ ಅದು ತೀವ್ರ ಲಿವರ್ ವೈಫಲ್ಯ. ಆಮೇಲೆ ಹೊರಡುವುದು ತಡವಾಗುತ್ತದೆ, ಆದ್ದರಿಂದ ಗಡಿಯನ್ನು ಹೊಸ್ತಿಲಲ್ಲೇ ಎಳೆದರು. ಆಂಬುಲೆನ್ಸ್ ಮಾತಾಡಿಟ್ಟರು. ಮಂಕು ಹಿಡಿಯಲು ರಾತ್ರಿ ಪಾಳಿಯ ನರ್ಸ್ ಪ್ರತಿ ನಾಲ್ಕು ತಾಸಿಗೆ ವಾರಗಳ ಹೆಸರನ್ನು ಹಿಂದುಮುಂದಾಗಿ ಹೇಳಿಸುತ್ತಿದ್ದರು. ಶನಿವಾರ, ಶುಕ್ರವಾರ, ಗುರುವಾರ ಎಂದು ಅವರು ನಿಧಾನವಾಗಿ, ತಪ್ಪಿಲ್ಲದೆ ಹೇಳುತ್ತಿದ್ದರು. ನಿದ್ದೆ ಮಾತ್ರೆ, ವಾಂತಿಗೆ ಮಂಪರು ತರಿಸುವ ಮದ್ದು ಯಾವುದನ್ನೂ ಕೊಡಲಿಲ್ಲ. ಕೊಟ್ಟರೆ ಮಂಕು ಯಾವುದರಿಂದ ಬಂತೆಂದು ತಿಳಿಯದು.

ಸ್ಟೀರಾಯ್ಡ್ ಕೊಡಬೇಕೇ ಎಂಬ ಮಾತೂ ಬಂತು. ಆಟೋಇಮ್ಯೂನ್ ಲಕ್ಷಣವಿಲ್ಲದ್ದರಿಂದ ಬೇಡವೆಂದರು. ಕಿಣ್ವ ಇಳಿಮುಖವಾದರೆ ಬಯಾಪ್ಸಿಯೂ ಬೇಡವೆಂದು ತೀರ್ಮಾನವಾಯಿತು.

ಪಥ್ಯದ ವಿಷಯದಲ್ಲಿ ಮನೆಯವರನ್ನು ಒಪ್ಪಿಸುವುದು ಸುಲಭವಾಗಲಿಲ್ಲ. ಬರೀ ಗಂಜಿನೀರಿನಲ್ಲಿ ಲಿವರ್ ತನ್ನನ್ನು ತಾನು ಕಟ್ಟಿಕೊಳ್ಳಲಾರದು, ದಿನಕ್ಕೆ ಕೆಜಿ ತೂಕಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನ್ ಬೇಕು. ಗಂಜಿಯನ್ನು ತೆಗೆಯದೆ ಅದಕ್ಕೇ ಹೆಸರುಬೇಳೆ ಬೇಯಿಸಿ ಹಾಕಿಸಿ, ಜೊತೆಗೆ ಮೊಸರು ಕೊಡಿಸಿ, ಮಲಗುವ ಮುನ್ನ ಒಂದು ಲೋಟ ರಾಗಿ ಅಂಬಲಿ ಸೇರಿಸಿದ ಮೇಲೆ ತಕರಾರು ಕಡಿಮೆಯಾಯಿತು.

ನಾಲ್ಕನೇ ದಿನ ಎಎಲ್‌ಟಿ 1020, ಐಎನ್‌ಆರ್ 1.3. ಎಂಟನೇ ದಿನ 690 ಮತ್ತು 1.1. ಅಂದು ಆಂಬುಲೆನ್ಸ್‌ಗೆ ಬೇಡವೆಂದು ಹೇಳಿದರು. ಹದಿನಾಲ್ಕನೇ ದಿನ 410. ಬಿಲಿರುಬಿನ್ ಮಾತ್ರ ಹಟ ಹಿಡಿದು, 10.1ಕ್ಕೆ ಏರಿ ಆಮೇಲೆ ಇಳಿಯಿತು. ಅದು ಅಲ್ಬುಮಿನ್‌ಗೆ ಅಂಟಿಕೊಂಡು ನಿಧಾನವಾಗಿ ಹೋಗುವ ವಸ್ತು. ಐಎನ್‌ಆರ್ ಸುಧಾರಿಸುತ್ತಿರುವಾಗ ಕಣ್ಣಿನ ಹಳದಿ ಉಳಿದಿದೆಯೆಂದು ಗಾಬರಿಯಾಗಬೇಕಿಲ್ಲ. ಆರನೇ ವಾರಕ್ಕೆ ಎಎಲ್‌ಟಿ 88, ಹನ್ನೊಂದನೇ ವಾರಕ್ಕೆ 34.

ಔಷಧಕ್ಕೂ ಲಿವರ್ ಗಾಯಕ್ಕೂ ಇರುವ ನಂಟನ್ನು ಅಳೆಯುವ ರೂಕಾಮ್ ಅಂಕಪಟ್ಟಿಯಲ್ಲಿ ಏಳು ಬಂತು: ಶುರುಮಾಡಿದ 5ರಿಂದ 90 ದಿನದೊಳಗೆ ಕಾಣಿಸಿಕೊಂಡದ್ದಕ್ಕೆ ಎರಡು, ನಿಲ್ಲಿಸಿದ 30 ದಿನದಲ್ಲಿ ಅರ್ಧಕ್ಕಿಳಿದದ್ದಕ್ಕೆ ಎರಡು, ಬೇರೆ ಕಾರಣಗಳು ಇಲ್ಲವಾದದ್ದಕ್ಕೆ ಎರಡು, ಹಿಂದೆ ವರದಿಯಾಗಿರುವುದಕ್ಕೆ ಒಂದು. ಆರರಿಂದ ಎಂಟಿದ್ದರೆ 'ಸಂಭವನೀಯ' ಎಂದರ್ಥ. ಎಲೆಮದ್ದು ಕಾಮಾಲೆ ಕಂಡ ಮೇಲೆ ಶುರುವಾದದ್ದು, ಆದ್ದರಿಂದ ಮೂಲ ಕಾರಣವಾಗಲಾರದು.

ಹಳೆಯ ಕಾಯಿಲೆ ಹಾಗೆಯೇ ಉಳಿದಿತ್ತು

ಕಾಮಾಲೆ ಹೋಯಿತು. ಎಲ್‌ಡಿಎಲ್ ಎಲ್ಲಿಗೂ ಹೋಗಿರಲಿಲ್ಲ. ಕಾಯಿಲೆಯಲ್ಲಿ ನಾಲ್ಕು ಕೆಜಿ ಇಳಿದದ್ದು ಅನ್ನ ಸೇರದೆ ಮಾಂಸ ಕರಗಿದ್ದು, ಎರಡು ತಿಂಗಳಲ್ಲಿ ಬಹುಪಾಲು ಮರಳಿತು. ಇಂಥ ಕಡೆ ಎಷ್ಟೋ ಪ್ರಕರಣ ನಿಂತುಬಿಡುತ್ತದೆ: ರೋಗಿಗೆ ಮಾತ್ರೆಯೂ ಬೇಡ, ಗಿಡಮೂಲಿಕೆಯೂ ಬೇಡ, ವೈದ್ಯರಿಗೆ ಲಿವರ್ ಮುಟ್ಟುವ ಧೈರ್ಯವಿಲ್ಲ. ಇಲ್ಲಿ ಹಾಗಾಗಲಿಲ್ಲ.

ಮೊದಲು ಅಡುಗೆಮನೆಯ ಲೆಕ್ಕ ತೆಗೆದರು. ನಾಲ್ಕು ಜನರ ಮನೆಯಲ್ಲಿ ದಿನಕ್ಕೆ ಒಂದೂವರೆ ತೆಂಗಿನಕಾಯಿ, ಅದಲ್ಲದೆ ಕೊಬ್ಬರಿ ಎಣ್ಣೆ. ಹಸಿಕಾಯಿ ನೂರು ಗ್ರಾಂನಲ್ಲಿ ಸುಮಾರು 33 ಗ್ರಾಂ ಕೊಬ್ಬು, ಅದರಲ್ಲಿ 30 ಗ್ರಾಂನಷ್ಟು ಸ್ಯಾಚುರೇಟೆಡ್. ಇವರ ಪಾಲಿಗೆ ಬರುತ್ತಿದ್ದ 120 ಗ್ರಾಂ ಕಾಯಿಯಿಂದಲೇ 36 ಗ್ರಾಂ; ಎಲ್‌ಡಿಎಲ್ ಇಳಿಸಬೇಕಾದವರಿಗೆ ದಿನಕ್ಕೆ 15 ಗ್ರಾಂ ಆಸುಪಾಸಿನಲ್ಲಿರಬೇಕು. ಕಾಯಿ ಬಿಡಿ ಎಂದರೆ ಈ ಸೀಮೆಯಲ್ಲಿ ಯಾರೂ ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ. ದಿನಕ್ಕೆ ಅರ್ಧ ಕಾಯಿ ಎಂದು ನಿಗದಿಯಾಯಿತು. ತಂಬುಳಿಗೆ ಕಾಯಿಯ ಬದಲು ಒಂದು ಚಮಚ ಹುರಿದ ಎಳ್ಳು, ಹುಳಿಗೆ ಮಂದ ಬರಲು ಬೇಯಿಸಿದ ತೊಗರಿಬೇಳೆಯನ್ನೇ ಅರೆದು ಹಾಕುವುದು, ಕಾಯಿ ಚಟ್ನಿ ಭಾನುವಾರಕ್ಕೆ. ಒಗ್ಗರಣೆಗೆ ಶೇಂಗಾ ಎಣ್ಣೆ. ದಿನಕ್ಕೆ ನಾಲ್ಕು ಲೋಟ ಕಷಾಯಕ್ಕೆ ಎರಡೆರಡು ಚಮಚ ಸಕ್ಕರೆ ಹೋಗುತ್ತಿತ್ತು. ಕಷಾಯ ಉಳಿಯಿತು, ಸಕ್ಕರೆ ಹೋಯಿತು.

ಸಸ್ಯಗಳಲ್ಲಿ ಮನುಷ್ಯರ ಮೇಲೆ ಪರೀಕ್ಷೆಯಾಗಿ ಎಲ್‌ಡಿಎಲ್ ಇಳಿಸುವುದು ಸಾಬೀತಾದದ್ದನ್ನೇ ಆರಿಸಿದರು, ಇಸಬ್ಗೋಲ್ ಹೊಟ್ಟು. ಅದರ ಅಂಟು ಕರುಳಿನಲ್ಲಿ ಪಿತ್ತಾಮ್ಲವನ್ನು ಹಿಡಿದು ಹೊರಗೆ ಸಾಗಿಸುತ್ತದೆ, ಹೊಸ ಪಿತ್ತಾಮ್ಲ ಮಾಡಲು ಲಿವರ್ ರಕ್ತದಿಂದ ಎಲ್‌ಡಿಎಲ್ ಎಳೆದುಕೊಳ್ಳುತ್ತದೆ. ಹೊಟ್ಟು ರಕ್ತಕ್ಕೆ ಸೇರುವುದೇ ಇಲ್ಲ, ಲಿವರಿಗೆ ಭಾರವಿಲ್ಲ. ದಿನಕ್ಕೆ 10 ಗ್ರಾಂ, ಎರಡು ಊಟಕ್ಕೆ ಮುಂಚೆ ಐದೈದು. ಮೊದಲ ವಾರ ಒಂದೇ ಹೊತ್ತು, ಇಲ್ಲದಿದ್ದರೆ ಹೊಟ್ಟೆ ಉಬ್ಬರಿಸಿ ಬಿಟ್ಟುಬಿಡುತ್ತಾರೆ. ಪ್ರತಿ ಸಲ ತುಂಬಿದ ದೊಡ್ಡ ಲೋಟ ನೀರು, ಕಲಸಿದ ತಕ್ಷಣ ಕುಡಿಯಬೇಕು. ನೀರು ಕಡಿಮೆಯಾದರೆ ಅನ್ನನಾಳದಲ್ಲಿ ಕಟ್ಟಿಕೊಳ್ಳುತ್ತದೆ. ಬೇರೆ ಮಾತ್ರೆಗಳಿಗೂ ಇದಕ್ಕೂ ಎರಡು ತಾಸು ಅಂತರ ಬೇಕು. ಮೆಂತ್ಯ ಬೇಕಾದರೆ ಇರಲಿ ಎಂದರು. ಗುಗ್ಗುಲು ಬೇಡವೆಂದರು: 2003ರಲ್ಲಿ 103 ಮಂದಿಯ ಮೇಲೆ ಎಂಟು ವಾರ ಪರೀಕ್ಷಿಸಿದಾಗ ಅದರಿಂದ ಎಲ್‌ಡಿಎಲ್ ಇಳಿಯುವ ಬದಲು ಸ್ವಲ್ಪ ಏರಿತ್ತು.

ಉಪ್ಪಾಗೆ, ಮುರುಗಲು, ಒಂದೆಲಗ, ಅರಿಶಿನ ಅಡುಗೆಯಲ್ಲಿ ಇರಲಿ ಎಂದೇ ಹೇಳಿದರು. ಒಂದೆಲಗದ ಮಾತ್ರೆಯಿಂದಲೂ ಲಿವರ್ ಕೆಟ್ಟ ವರದಿಗಳಿವೆ, ಎಂಟ್ಹತ್ತು ಎಲೆಯ ತಂಬುಳಿಗೆ ಆ ಭಯ ಅನ್ವಯಿಸದು. ಒಂದು ಪಾತ್ರೆ ಸಾರಿಗೆ ಎರಡು ಎಸಳು ಉಪ್ಪಾಗೆ ಹಾಕಿ, ಆರು ಜನ ಉಂಡು, ಎಸಳನ್ನು ಕೊನೆಗೆ ತಟ್ಟೆಯ ಅಂಚಿಗೆ ಸರಿಸುತ್ತೇವೆ. ಆ ಸಾರಿಗೂ ಡಬ್ಬಿಯ ಸಾರಕ್ಕೂ ನಡುವೆ ಇರುವುದು ಬರೀ ಪ್ರಮಾಣದ ಅಂತರವಲ್ಲ. ನೂರಾರು ಅಂಶಗಳಲ್ಲಿ ಒಂದನ್ನೇ ಹಿಂಡಿ, ಇನ್ನೊಂದು ಸಾರದ ಜೊತೆ ಬೆರೆಸಿ, ಖಾಲಿ ಹೊಟ್ಟೆಗೆ, ದಿನವೂ, ತಿಂಗಳುಗಟ್ಟಲೆ ಹಾಕಿದಾಗ ಅದು ಔಷಧವೇ ಆಗುತ್ತದೆ, ಔಷಧಕ್ಕೆ ಇರಬೇಕಾದ ಪರೀಕ್ಷೆಯಿಲ್ಲದೆ.

ಸ್ಟಾಟಿನ್ ಮಾತು ಎರಡನೇ ಸಲ

ಕಿಣ್ವ ಸರಿಯಾಗಿ ನಾಲ್ಕು ವಾರ ಕಳೆದ ಮೇಲೆ ರೋಸುವಾಸ್ಟಾಟಿನ್ ಮಾತು ಮತ್ತೆ ಎದ್ದಿತು. ಈ ಸಲ ಭಯವನ್ನು ಮೊದಲು ಕೇಳಿದರು. ಸ್ಟಾಟಿನ್‌ನಿಂದ ಗಂಭೀರ ಲಿವರ್ ಗಾಯ ಅಪರೂಪ. ಕೊಬ್ಬಿನ ಲಿವರ್‌ನಿಂದ ಕಿಣ್ವ ಸ್ವಲ್ಪ ಏರಿರುವುದು ಅದನ್ನು ಬೇಡವೆನ್ನಲು ಕಾರಣವಲ್ಲ. ಗ್ರೀಸ್ ದೇಶದ ಗ್ರೇಸ್ ಅಧ್ಯಯನದ 2010ರ ವಿಶ್ಲೇಷಣೆಯಲ್ಲಿ ಹಾಗೆ ಕಿಣ್ವ ಏರಿದ್ದ 437 ಮಂದಿಯ ಪೈಕಿ ಸ್ಟಾಟಿನ್ ತೆಗೆದುಕೊಂಡವರಲ್ಲಿ ಕಿಣ್ವ ಇಳಿದಿತ್ತು, ಹೃದಯದ ತೊಂದರೆಯೂ ಕಡಿಮೆಯಾಗಿತ್ತು. ಕೊಬ್ಬಿನ ಲಿವರ್ ಇರುವವರ ಸಾವಿಗೆ ಲಿವರ್‌ಗಿಂತ ಹೃದಯವೇ ಹೆಚ್ಚಾಗಿ ಕಾರಣ. ಇದನ್ನೆಲ್ಲ ಹೇಳಿ, ಅವರದೇ ಮಾರ್ಚ್ ತಿಂಗಳ ಎಎಲ್‌ಟಿ 68 ಮತ್ತು ಜುಲೈನ 1140 ಎರಡನ್ನೂ ಒಂದೇ ಹಾಳೆಯಲ್ಲಿ ಬರೆದು ತೋರಿಸಿದರು. ಬಹಳ ಹೊತ್ತು ನೋಡಿ, 'ಇದನ್ನೂ ಡಬ್ಬಿ ಎಣಿಸಿ ಕೊಡ್ತೀರೋ' ಎಂದರು. ಹಾಗೆಯೇ ಮಾಡಿದರು: 5 ಮಿ.ಗ್ರಾಂನಿಂದ ಶುರು, ನಾಲ್ಕು ವಾರಕ್ಕೆ ರಕ್ತ ಪರೀಕ್ಷೆ, ಉಳಿದ ಮಾತ್ರೆಗಳ ಎಣಿಕೆ. ಎಎಲ್‌ಟಿ 29 ಬಂದ ಮೇಲೆ 10 ಮಿ.ಗ್ರಾಂ. ಎಎಲ್‌ಟಿ 120 ದಾಟಿದರೆ ನಿಲ್ಲಿಸಿ ಕೂಡಲೇ ಬರಬೇಕೆಂದು ಚೀಟಿಯ ಮೇಲೇ ಬರೆದಿತ್ತು.

ಮುಂದಿನ ಮಳೆಗಾಲ ಹಿಡಿಯುವ ಹೊತ್ತಿಗೆ ತೂಕ 76.5 ಕೆಜಿ, ಅಂದರೆ ಮೊದಲಿನ ತೂಕದ ಶೇ. 9ರಷ್ಟು ಇಳಿಕೆ. ಎಲ್‌ಡಿಎಲ್ 84, ಟ್ರೈಗ್ಲಿಸರೈಡ್ 148, ಎಎಲ್‌ಟಿ 27. ಸ್ಕ್ಯಾನಿಂಗ್‌ನಲ್ಲಿ ಕೊಬ್ಬಿನ ಲಿವರ್ ಮೊದಲ ಹಂತಕ್ಕಿಳಿದಿತ್ತು. ಇದರಲ್ಲಿ ಕಾಯಿಯ ಪಾಲೆಷ್ಟು, ಇಸಬ್ಗೋಲಿನದೆಷ್ಟು, ಮಾತ್ರೆಯದೆಷ್ಟು ಎಂದು ಬಿಡಿಸಲಾಗದು. ಎಲ್‌ಡಿಎಲ್ ಇಳಿಕೆಯ ದೊಡ್ಡ ಪಾಲು ಮಾತ್ರೆಯದು, ಲಿವರ್ ಕೊಬ್ಬಿನ ಇಳಿಕೆಯ ದೊಡ್ಡ ಪಾಲು ತೂಕದ್ದು ಎಂದು ಹೇಳಿದರೆ ತಪ್ಪಾಗದು.

ಕ್ಯಾಪ್ಸೂಲಿನ ವಿಷಯವನ್ನು ಔಷಧ ಅಡ್ಡಪರಿಣಾಮದ ರಾಷ್ಟ್ರೀಯ ಕಾರ್ಯಕ್ರಮಕ್ಕೆ ವರದಿ ಮಾಡಲಾಯಿತು. ಅದರ ಉಚಿತ ಸಹಾಯವಾಣಿ 1800-180-3024. ರೋಗಿ, ಮನೆಯವರು ಯಾರು ಬೇಕಾದರೂ ಕರೆ ಮಾಡಬಹುದು, ಗಿಡಮೂಲಿಕೆಯ ಡಬ್ಬಿಯಾದರೂ ಸರಿ. ವರದಿಗೆ ಡಬ್ಬಿಯ ಬ್ಯಾಚ್ ಸಂಖ್ಯೆ ಬೇಕಾಗುತ್ತದೆ, ಆದ್ದರಿಂದ ಸಿಟ್ಟಿನಲ್ಲಿ ಅದನ್ನು ಎಸೆಯಬಾರದು. ಈ ಮನೆಯವರು ಎಸೆದಿರಲಿಲ್ಲ. ಮತ್ತೊಮ್ಮೆ ಅದೇ ವಸ್ತು ಹೊಟ್ಟೆಗೆ ಹೋದರೆ ಗಾಯ ಮೊದಲಿಗಿಂತ ಬೇಗ, ಮೊದಲಿಗಿಂತ ಜೋರಾಗಿ ಆಗಬಹುದು. ಹಾಗಾಗಿ ಅವರ ಆಸ್ಪತ್ರೆ ಕಾರ್ಡಿನ ಮೊದಲ ಪುಟದಲ್ಲಿ, ರಕ್ತದ ಗುಂಪಿನ ಕೆಳಗೆ, ಕೆಂಪು ಶಾಯಿಯಲ್ಲಿ ಕನ್ನಡದಲ್ಲೇ ಬರೆದಿದೆ: 'ಗಾರ್ಸಿನಿಯಾ (ಉಪ್ಪಾಗೆ) ಸಾರ, ಗ್ರೀನ್ ಟೀ ಸಾರ, ಅರಿಶಿನದ ಕ್ಯಾಪ್ಸೂಲ್ ಕೊಡಬಾರದು. ಉಪ್ಪಾಗೆ ಸಾರು ಉಣ್ಣಬಹುದು.'